ಉಗುರು ತಡೆದ ಜಾಗ

ತಾಲ್ತಾಲಿನಲ್ಲಿ ಯಾರ ವಯಸ್ಸು ಕೇಳಿದರೂ
ಮಳೆ ಬಂದ ವರ್ಷದಿಂದ ಎಣಿಸುತ್ತಾರೆ.
ಆದರೂ ಇಲ್ಲಿ ಬೀಗ ತುಕ್ಕು, ಕೀಲು ತುಕ್ಕು,
ಗೋರಿಯ ಮೇಲಿನ ಶಿಲುಬೆ ತುಕ್ಕು.
ನಸುಕಿಗೆ ಕಡಲಿಂದೇಳುವ ಮಂಜು,
ಕಮಾಂಚಾಕ ಅನ್ನುತ್ತೇವೆ ಅದಕ್ಕೆ,
ಉಪ್ಪು ನಾಲಗೆಯಲ್ಲಿ ಊರನ್ನೆಲ್ಲ ನೆಕ್ಕಿ
ಹತ್ತು ಗಂಟೆಗೆಲ್ಲ ಬೆಟ್ಟ ಹತ್ತಿ ಪರಾರಿ.

ನೆಲಿದಾ ಗೊದೊಯ್ ಮೂರನೆಯ ಸಲ ಬಂದಾಗ
ಗಾಡಿಯ ಬಲ ಮುಂಗಾಲು ಮತ್ತೆ ಎಣ್ಣೆ ಕಾರುತ್ತಿತ್ತು.
ಕಡಲಪಾಚಿ ಕೀಳುವವಳು. ಪಾಪೋಸೋವರೆಗೆ ಕಲ್ಲುದಾರಿ,
ಬೆನ್ನ ಹಿಂದೆ ಒದ್ದೆ ಹೊರೆ, ತೊಟ್ಟಿಕ್ಕುವ ಉಪ್ಪುನೀರು.
"ಬ್ರೇಕಿನ ಮೇಲೆ ಎಣ್ಣೆ ಬಿತ್ತು ಹುಡುಗಾ,
ಇಳಿಜಾರಲ್ಲಿ. ಎದುರಿಗೆ ಲಾರಿ."
ಅಷ್ಟೇ ಅಂದಳು. ಬೈಯಲಿಲ್ಲ.
ಬೈದಿದ್ದರೆ ಒಳ್ಳೆಯದಿತ್ತು.

ಸೀಲು ಹಾಕಿದವನು ನಾನೇ, ಎರಡು ಸಲವೂ.
ಮೊದಲಿನದು ಅಗ್ಗದ್ದೆಂದು ಎರಡನೆಯದು ಜಪಾನಿನದು.
ಹರಿದ ತುಟಿ ನೋಡಿ ರಬ್ಬರಿಗೆ ಶಾಪ ಹಾಕಿದ್ದೆ,
ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಒವಿದಿಯೋ ಮಾತಾಡಲಿಲ್ಲ. ಫೋರ್ಕು ಕಳಚಿ
ಕೊಳವೆಯನ್ನು ಚಿಂದಿಯಲ್ಲೊರೆಸಿ ಕಿಟಕಿಗೆ ಹಿಡಿದ.
ಅವನ ಬಲ ಹೆಬ್ಬೆರಳಿಗೆ ಒಂದು ಉದ್ದನೆ ಉಗುರು,
ಗಿಟಾರಿಗೆ ಬೆಳೆಸಿದ್ದು ಅಂದುಕೊಂಡಿದ್ದೆ ಇಷ್ಟು ದಿನ.
ಅದನ್ನು ಕ್ರೋಮಿನ ಮೇಲಿಟ್ಟು ಮೆಲ್ಲಗೆ ಇಳಿಸಿದ.
ಜಾರಿತು, ಜಾರಿತು, ಜಾರಿತು,
ಟಿಕ್.
ಮತ್ತೆ ಮೇಲಿಂದ. ಅದೇ ಜಾಗ. ಟಿಕ್.
"ಈಗ ನಿನ್ನದು."
ಕಚ್ಚಿ ಮೊಂಡಾದ ನನ್ನ ಉಗುರಿಗೆ ಏನೂ ಸಿಗಲಿಲ್ಲ.
"ಉಗುರು ತಿನ್ನುವವನಿಗೆ ಈ ಕಸುಬು ನಿಧಾನ," ಅಂದ.

ತೋರಿಸಿದ ಮೇಲೆ ಕಂಡಿತು:
ಗಾಳಿಗೆ ಎದೆಕೊಟ್ಟ ಬದಿಯಲ್ಲಿ
ಗಸಗಸೆಯಷ್ಟು ಕಪ್ಪು ಕುಳಿ, ಐದು.
ಪ್ರತಿ ಕುಳಿಯ ಅಂಚಿಗೂ ಒಂದು ಹಲ್ಲು.
ದಾರಿಯ ಗುಂಡಿ ಗುಂಡಿಗೂ ಕೊಳವೆ ಇಳಿದೇಳುವಾಗ
ಆ ಹಲ್ಲು ತುಟಿ ಕಚ್ಚುತ್ತಿತ್ತು.
ಜಪಾನಿನದಾದರೇನು.

ಹೊಸ ಕ್ರೋಮು ಬೇಕೆಂದರೆ ಆಂತೊಫಗಾಸ್ತಾಕ್ಕೆ ಕಳಿಸಬೇಕು,
ಮೂರು ವಾರ. ಹುಣ್ಣಿಮೆಯ ದೊಡ್ಡ ಇಳಿತಕ್ಕೆ ಉಳಿದದ್ದು
ನಾಲ್ಕೇ ದಿನ.

ಹಾಗಾಗಿ ಸೂಜಿ. ಕುಳಿಯ ತುಕ್ಕು ಕೆದಕಿ,
ಸ್ಪಿರಿಟಿನಲ್ಲಿ ತೊಳೆದು, ಎರಡು ಟ್ಯೂಬಿನ ಅಂಟು ಕಲಸಿ
ಮೊನೆಯಲ್ಲಿ ಎತ್ತಿದಷ್ಟನ್ನೇ
ಉಸಿರು ಕಟ್ಟಿ ಇಟ್ಟೆ.
ರಾತ್ರಿಯಿಡೀ ಬಲ್ಬಿನ ಕೆಳಗೆ
ಸೊಳ್ಳೆ ಕಚ್ಚಿದ ಕೈಯಂತೆ ಐದು ಗುಳ್ಳೆ.
ಬೆಳಗ್ಗೆ ಬ್ಲೇಡಿನಲ್ಲಿ ಹೆರೆದು
ಎರಡು ಸಾವಿರದ ಉಜ್ಜುಕಾಗದಕ್ಕೆ ಎಣ್ಣೆ ಹಚ್ಚಿ
ಉದ್ದುದ್ದ ಉಜ್ಜತೊಡಗಿದೆ. ಕೈಮೇಲೆ ಹೊಡೆದ.
"ಉದ್ದ ಗೀರಿದರೆ ಎಣ್ಣೆಗೆ ಕಾಲುವೆ ತೋಡಿದಂತೆ.
ಅಡ್ಡ ಉಜ್ಜು. ಬುಗುರಿಗೆ ದಾರ ಸುತ್ತುವ ಹಾಗೆ."

ಸುತ್ತಿದೆ. ಮಂಜು ಬಂತು, ಹೋಯಿತು.
ಮೀನಂಗಡಿಯ ರೇಡಿಯೋ ಹಾಡಿತು, ಜಾಹೀರಾತು ಹೇಳಿತು,
ಯಾರೋ ಸತ್ತ ಸುದ್ದಿ ಓದಿ ಮತ್ತೆ ಹಾಡಿತು.
ಅಂಟು ಎಲ್ಲಿ ಮುಗಿದು ಉಕ್ಕು ಎಲ್ಲಿ ಶುರು
ಕಣ್ಣಿಗೆ ಗೊತ್ತು, ಬೆರಳಿಗೆ ಗೊತ್ತಿಲ್ಲ.
ಅವನ ಉಗುರು ಮೇಲಿಂದ ಇಳಿಯಿತು:
ಜಾರಿತು, ಜಾರಿತು,
ಜಾರುತ್ತಲೇ ಇತ್ತು.

"ಎಷ್ಟು ದಿನ ಬಾಳುತ್ತೆ?" ನೆಲಿದಾ ಕೇಳಿದಳು.
"ಉಪ್ಪನ್ನು ಕೇಳು. ದಿನಾ ಸಂಜೆ
ಸಿಹಿನೀರಿನ ಬಟ್ಟೆಯಲ್ಲಿ ಒರೆಸು."
ಅವಳಿದ್ದ ಕಡೆ ಕುಡಿಯುವ ನೀರು ಲಾರಿಯಲ್ಲಿ ಬರುತ್ತದೆ.
ನಕ್ಕಳು. "ಅರ್ಧ ಲೋಟ ಸಾಕಾ?"

ಗಾಡಿಯ ಕತ್ತು ಹಿಡಿದು ಹತ್ತು ಸಲ ಒತ್ತಿ ನೋಡಿದೆ.
ಕೊಳವೆಯ ಮೇಲೆ ಕೂದಲೆಳೆಯಷ್ಟು ಎಣ್ಣೆಗೆರೆ!
ಎದೆ ಧಸಕ್ಕೆಂದು ಒರೆಸಲು ಹೋದೆ.
"ಬಿಡು. ಅಷ್ಟು ಪಸೆ ಇರಬೇಕು.
ಪೂರಾ ಒಣಗಿದ ತುಟಿಯೂ ಬಿರಿಯುತ್ತದೆ."

ಆ ತಿಂಗಳಿಂದ ಉಗುರು ಕಚ್ಚುವುದು ಬಿಟ್ಟಿದ್ದೇನೆ,
ಹೆಬ್ಬೆರಳಿನದೊಂದು.
ಉಳಿದ ಒಂಬತ್ತು ಹಾಗೇ ನಡೆದಿದೆ.